ಗಂಗೋತ್ರಿ ಗ್ಲೇಡ್ಸ್ ಲ್ಯಾಪ್‌ಟಾಪ್‌ನಲ್ಲಿ: ಆಡಿದ ಗುರುತು ಉಳಿಯುವ ಒಂದು ಕ್ರಿಕೆಟ್ ಗೇಮ್ ಕಟ್ಟಿದ ಕತೆ

ಹೋದ ವರ್ಷ ದಸರಾ ರಜೆಯಲ್ಲಿ ಒಂದು ಕ್ರಿಕೆಟ್ ಗೇಮ್ ಕಟ್ಟಲು ಕೂತೆ. ದೊಡ್ಡದೇನಲ್ಲ. ಒಂದೇ ಮೈದಾನ, ಒಂದೇ ಪಂದ್ಯ, ಅದರಲ್ಲೂ ನಾಲ್ಕನೇ ಇನಿಂಗ್ಸ್ ಮಾತ್ರ. ಮೈದಾನ ಮೈಸೂರಿನ ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸ್. ಪಂದ್ಯ 2010ರ ಜನವರಿಯ ರಣಜಿ ಫೈನಲ್. ಕರ್ನಾಟಕ ಗೆಲ್ಲಲು 338 ಬೇಕಿತ್ತು. ಮನೀಶ್ ಪಾಂಡೆ 144 ಹೊಡೆದರು. ಆದರೂ ತಂಡ 331ಕ್ಕೆ ಆಲೌಟ್ ಆಯಿತು. ಮುಂಬೈ 6 ರನ್‌ಗಳಿಂದ ಗೆದ್ದಿತು.

ಆಗ ನಾನು ಪಿಯುಸಿ ಓದುತ್ತಿದ್ದೆ. ಬೌಂಡರಿ ಆಚೆ ನೆಲದ ಮೇಲೆ ಕೂತು ನೋಡಿದ್ದೆ. ಜಾಗ ಸಿಗದವರು ಮರ ಹತ್ತಿದ್ದರು. ಆ ದಿನದ ಸದ್ದು, ಬೆಳಕು, ಕೊನೆಗೆ ಎಲ್ಲರೂ ಮಾತಿಲ್ಲದೆ ಎದ್ದು ಹೋದದ್ದು, ಇದೆಲ್ಲ ಇನ್ನೂ ಮನಸ್ಸಿನಲ್ಲಿದೆ. ಅದನ್ನು ಗೇಮ್‌ನಲ್ಲಿ ತರಬೇಕು ಅನ್ನೋದು ಆಸೆ.

ಸಾಮಾನು ಇಷ್ಟೇ: 8 ಜಿಬಿ ರ‍್ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಗೇಮ್ ಕಟ್ಟಲು ಗೊಡೋ ಎಂಜಿನ್‌ನ ನಾಲ್ಕನೇ ಆವೃತ್ತಿ, ಮಾಡೆಲ್ ಮಾಡಲು ಬ್ಲೆಂಡರ್, ಸದ್ದು ಕತ್ತರಿಸಲು ಆಡಾಸಿಟಿ. ಮೂರೂ ಸಾಫ್ಟ್‌ವೇರ್ ಉಚಿತ. ಆಟಗಾರರ ಮುಖ, ಹೆಸರು ಯಾವುದನ್ನೂ ನಿಜದವರಿಂದ ತೆಗೆದುಕೊಂಡಿಲ್ಲ. ಮೈದಾನ, ಸ್ಕೋರು, ಹವೆ ಮಾತ್ರ ಆ ದಿನದ್ದು.

ಎರಡು ತಿಂಗಳಿಗೆ ಮೊದಲ ಆವೃತ್ತಿ ರೆಡಿ ಆಯಿತು. ಮರಗಳು ಅಲ್ಲಾಡುತ್ತಿದ್ದವು, ಮೋಡ ಹೋಗುತ್ತಿತ್ತು, ಬಾವುಟ ಹಾರುತ್ತಿತ್ತು. ನಮ್ಮ ಚಿಕ್ಕಪ್ಪನಿಗೆ ತೋರಿಸಿದೆ. ಅವರು ಎಷ್ಟೋ ವರ್ಷ ಡಿವಿಷನ್ ಲೀಗ್ ಪಂದ್ಯಗಳಿಗೆ ಸ್ಕೋರರ್ ಆಗಿದ್ದವರು. ಕನ್ನಡಕ ಹಾಕಿಕೊಂಡು ಅರ್ಧ ಗಂಟೆ ನೋಡಿದರು.

"ಚೆನ್ನಾಗಿದೆ ಕಣೋ. ಆದ್ರೆ ಅರವತ್ತನೇ ಓವರಲ್ಲೂ ಪಿಚ್ಚು ಈಗ ತಾನೇ ರೋಲರ್ ಎಳೆದ ಹಾಗಿದೆಯಲ್ಲ. ಇಲ್ಲಿ ಯಾರೂ ಆಡೇ ಇಲ್ವೇನೋ ಅನ್ಸುತ್ತೆ."

ಆ ಮಾತು ಸರಿಯಾಗಿ ನಾಟಿತು. ನಮ್ಮ ವಯಸ್ಸಿನವರೆಲ್ಲ ಇಎ ಸ್ಪೋರ್ಟ್ಸ್‌ನ ಕ್ರಿಕೆಟ್ 07 ಆಡಿ ಬೆಳೆದವರು. ಅದು ಬಂದದ್ದು 2006ರಲ್ಲಿ. ಅಭಿಮಾನಿಗಳು ಅದಕ್ಕೆ ವರ್ಷಗಟ್ಟಲೆ ಹೊಸ ಜೆರ್ಸಿ, ಹೊಸ ಮುಖ, ಹೊಸ ಸ್ಟೇಡಿಯಂ ಪ್ಯಾಚ್ ಮಾಡಿ ಹಾಕಿದರು. ನಾನೂ ಹಾಕಿಕೊಂಡಿದ್ದೆ. ನೋಡಲು ಚೆನ್ನಾಗಿರುತ್ತಿತ್ತು, ಎರಡು ದಿನಕ್ಕೆ ಮತ್ತೆ ಅದೇ ಹಳೆಯ ಆಟ ಅನಿಸುತ್ತಿತ್ತು. ಯಾಕೆ ಅಂತ ಚಿಕ್ಕಪ್ಪ ಹೇಳಿದ ಮೇಲೆ ಗೊತ್ತಾಯಿತು. ಅಲ್ಲಾಡುವ ಬಾವುಟಕ್ಕೂ ನಾನು ಹೊಡೆದ ಬೌಂಡರಿಗೂ ಸಂಬಂಧವೇ ಇಲ್ಲ. ನಾನು ಆಡಿದರೂ ಅದು ಹಾರುತ್ತದೆ, ಆಡದಿದ್ದರೂ ಹಾರುತ್ತದೆ. ಐದು ನಿಮಿಷದಲ್ಲಿ ಕಣ್ಣು ಅದನ್ನು ಬಿಟ್ಟುಬಿಡುತ್ತದೆ.

ಅವತ್ತೇ ನೋಟ್‌ಬುಕ್‌ನ ಮೊದಲ ಹಾಳೆಯಲ್ಲಿ ಒಂದು ನಿಯಮ ಬರೆದೆ. ಯಾವ ವಿವರ ಸೇರಿಸಿದರೂ ಅದು ಆಟದಿಂದ ಹುಟ್ಟಬೇಕು, ಹುಟ್ಟಿದ ಮೇಲೆ ಉಳಿಯಬೇಕು.

ಮೊದಲ ಕೆಲಸ: ಪಿಚ್

ಪಿಚ್ 20.12 ಮೀಟರ್ ಉದ್ದ, 3.05 ಮೀಟರ್ ಅಗಲ. ಅದರ ಮೇಲೆ 1024 ಪಿಕ್ಸೆಲ್ ಉದ್ದ, 256 ಪಿಕ್ಸೆಲ್ ಅಗಲದ ಒಂದು ಕಪ್ಪು ಚಿತ್ರ ಹಾಸಿದೆ. ಉದ್ದದಲ್ಲಿ ಒಂದು ಪಿಕ್ಸೆಲ್ ಅಂದರೆ ಸುಮಾರು 2 ಸೆಂ.ಮೀ. ಬೂಟು ಊರಿದ ಕಡೆ, ಚೆಂಡು ಬಿದ್ದ ಕಡೆ, ಬ್ಯಾಟರ್ ಗಾರ್ಡ್ ತೆಗೆದುಕೊಂಡು ಗೀರಿದ ಕಡೆ ಪಿಕ್ಸೆಲ್‌ಗಳು ಸ್ವಲ್ಪ ಸ್ವಲ್ಪ ಬೆಳ್ಳಗಾಗುತ್ತಾ ಹೋಗುತ್ತವೆ. ಬಿಳುಪು ಜಾಸ್ತಿ ಆದಷ್ಟೂ ಅಲ್ಲಿ ಹುಲ್ಲಿನ ಬಣ್ಣ ಕಡಿಮೆಯಾಗಿ ಒಣ ಮಣ್ಣಿನ ಬಣ್ಣ ಕಾಣುತ್ತದೆ.

ಮೊದಲು ಇದನ್ನು ಎಂಜಿನ್‌ನ ಸಬ್‌ವ್ಯೂಪೋರ್ಟ್‌ನಲ್ಲಿ, ಅಂದರೆ ತೆರೆಯ ಹಿಂದೆ ಚಿತ್ರ ಬರೆಯುವ ಜಾಗದಲ್ಲಿ, ಮಾಡಿದೆ. ಪ್ರತಿ ಗುರುತನ್ನೂ ಅಲ್ಲೇ ಬರೆಯುವುದು, ಅಳಿಸದೆ ಹಾಗೇ ಬಿಡುವುದು. ಚೆನ್ನಾಗಿಯೇ ಓಡಿತು. ಒಂದು ದಿನ ಗೇಮ್ ಮುಚ್ಚಿ ಮತ್ತೆ ತೆರೆದಾಗ ನಲವತ್ತು ಓವರ್‌ನ ಗುರುತೆಲ್ಲ ಹೋಗಿತ್ತು. ಅದು ಇದ್ದದ್ದು ಗ್ರಾಫಿಕ್ಸ್ ಮೆಮೊರಿಯಲ್ಲಿ, ಸೇವ್ ಫೈಲ್‌ನಲ್ಲಿ ಅಲ್ಲ. ಆಮೇಲೆ ದಾರಿ ಬದಲಿಸಿದೆ. ಚಿತ್ರವನ್ನು ಸಾಮಾನ್ಯ ಮೆಮೊರಿಯಲ್ಲೇ ಇಟ್ಟು, ಪ್ರತಿ ಎಸೆತ ಮುಗಿದ ಮೇಲೆ ಒಂದು ಸಲ ಟೆಕ್ಸ್‌ಚರ್ (ಮಾಡೆಲ್ ಮೇಲೆ ಹಾಸುವ ಚಿತ್ರ) ಅಪ್‌ಡೇಟ್ ಮಾಡುತ್ತೇನೆ. ಒಟ್ಟು 256 ಕೆಬಿ. ಸೇವ್ ಮಾಡಿದಾಗ ಸ್ಕೋರಿನ ಜೊತೆ ಈ ಚಿತ್ರವೂ ಪಿಎನ್‌ಜಿ ಆಗಿ ಡಿಸ್ಕಿಗೆ ಹೋಗುತ್ತದೆ. ಈಗ ಪಿಚ್ ನಿನ್ನೆಯದನ್ನು ಮರೆಯುವುದಿಲ್ಲ.

ಗುರುತು ಎಲ್ಲಿ ಬೀಳಬೇಕು ಅನ್ನೋದು ಇನ್ನೂ ದೊಡ್ಡ ವಿಷಯ. ಸುಮ್ನೆ ಅಲ್ಲಲ್ಲಿ ಮಣ್ಣು ಚೆಲ್ಲಿದ ಹಾಗೆ ಮಾಡಿದರೆ ಆಡಿದವರಿಗೆ ತಕ್ಷಣ ಗೊತ್ತಾಗುತ್ತದೆ. ಬಲಗೈ ವೇಗಿ ಓವರ್ ದ ವಿಕೆಟ್, ಅಂದರೆ ಬೌಲ್ ಮಾಡುವ ಕೈ ಸ್ಟಂಪ್ ಕಡೆ ಇರುವ ಹಾಗೆ, ಬಂದರೆ ಚೆಂಡು ಬಿಟ್ಟ ಮೇಲಿನ ಓಟದಲ್ಲಿ (ಫಾಲೋಥ್ರೂ) ತನ್ನ ಎಡಕ್ಕೆ ಸರಿಯುತ್ತಾನೆ. ಸರಿಯಲೇಬೇಕು. ಪಿಚ್ ನಡುವೆ ಎರಡು ಅಡಿ ಅಗಲದ ಜಾಗಕ್ಕೆ ಕಾಲಿಡುವಂತಿಲ್ಲ. ಕ್ರೀಸ್‌ನಿಂದ ಐದು ಅಡಿ ಮುಂದೆ ಆ ಜಾಗ ಶುರುವಾಗುತ್ತದೆ, ಇಟ್ಟರೆ ಅಂಪೈರ್ ಎಚ್ಚರಿಕೆ ಕೊಡುತ್ತಾರೆ. ಹಾಗಾಗಿ ಬೂಟಿನ ಗುರುತೆಲ್ಲ ಒಂದೇ ಪಕ್ಕದಲ್ಲಿ ಗುಂಪಾಗಿ ಬೀಳುತ್ತದೆ. ಎದುರು ತುದಿಯಿಂದ ಸ್ಪಿನ್ನರ್ ಬಂದಾಗ ಆ ಒರಟು ಜಾಗ ಎಡಗೈ ಬ್ಯಾಟರ್‌ನ ಆಫ್ ಸ್ಟಂಪ್ ಆಚೆ ಸಿಗುತ್ತದೆ, ಬಲಗೈಯವನಿಗೆ ಲೆಗ್ ಸ್ಟಂಪ್ ಆಚೆ.

ಇದನ್ನು ನಾನು ಬರೆಯಲೇ ಇಲ್ಲ ಅನ್ನೋದೇ ನನಗೆ ಖುಷಿಯ ವಿಷಯ. ವೇಗಿಗಳ ಹೆಜ್ಜೆ ಸರಿಯಾಗಿ ಇಟ್ಟೆ, ಅಂಪೈರ್‌ಗೆ ಎಚ್ಚರಿಕೆ ಕೊಡುವುದನ್ನು ಕಲಿಸಿದೆ, ಅಷ್ಟೇ. ಐವತ್ತು ಓವರ್ ಆದ ಮೇಲೆ ನೋಡಿದರೆ ಎಡಗೈಯವನ ಆಫ್ ಸ್ಟಂಪ್ ಆಚೆ ಒರಟು ಜಾಗ ತಾನಾಗಿಯೇ ಮೂಡಿತ್ತು. ಚೆಂಡು ಬೀಳುವ ಪಿಕ್ಸೆಲ್ ಎಷ್ಟು ಬಿಳಿ ಇದೆಯೋ ಅಷ್ಟು ತಿರುವು ಮತ್ತು ಪುಟಿತ ಏರುಪೇರಾಗುತ್ತದೆ. ಜೊತೆಗೆ ಒಂದು ಚಿಕ್ಕ ಧೂಳಿನ ಮೋಡ. ಮೊದಲ ಓವರ್‌ನಲ್ಲಿ ಧೂಳು ಏಳುವುದೇ ಇಲ್ಲ. ಎದ್ದಾಗ ಆಡುವವರಿಗೆ ಸೂಚನೆ ಸಿಗುತ್ತದೆ: ಇಲ್ಲಿ ಹುಷಾರು.

ಚೆಂಡು, ಮತ್ತು ಕೆಂಪಾಗುವ ಪ್ಯಾಂಟು

ನಿಯಮದ ಪ್ರಕಾರ ಚೆಂಡಿನ ತೂಕ 155.9 ಗ್ರಾಂನಿಂದ 163 ಗ್ರಾಂ, ಸುತ್ತಳತೆ 22.4ರಿಂದ 22.9 ಸೆಂ.ಮೀ. ಇಷ್ಟು ಎಲ್ಲ ಗೇಮ್‌ನಲ್ಲೂ ಇರುತ್ತದೆ. ನಾನು ಸೇರಿಸಿದ್ದು ಎರಡು ಸಂಖ್ಯೆ. ಸೀಮ್‌ನ, ಅಂದರೆ ಚೆಂಡಿನ ನಡುವಿನ ಹೊಲಿಗೆಯ, ಒಂದು ಬದಿ ಎಷ್ಟು ಒರಟು, ಇನ್ನೊಂದು ಬದಿ ಎಷ್ಟು ಒರಟು. ಸೊನ್ನೆಯಿಂದ ಒಂದರವರೆಗೆ. ನೆಲಕ್ಕೆ ಬಿದ್ದ ಬದಿ ಸ್ವಲ್ಪ ಒರಟಾಗುತ್ತದೆ. ಬೌಂಡರಿ ಆಚೆಯ ಗಟ್ಟಿ ನೆಲಕ್ಕೆ ಹೊಡೆದರೆ ಜಾಸ್ತಿ. ಹೊಸ ಚೆಂಡಿನಲ್ಲಿ ಸ್ವಿಂಗ್‌ಗೆ, ಅಂದರೆ ಗಾಳಿಯಲ್ಲಿ ಬಾಗುವುದಕ್ಕೆ, ಸೀಮ್‌ನ ಕೋನ ಮುಖ್ಯ. ಹಳೆಯದಾದಂತೆ ಎರಡು ಬದಿಯ ವ್ಯತ್ಯಾಸ ಮುಖ್ಯವಾಗುತ್ತದೆ.

ಫೀಲ್ಡರ್‌ಗಳು ಚೆಂಡನ್ನು ಪ್ಯಾಂಟಿಗೆ ಉಜ್ಜುವ ಅನಿಮೇಶನ್ ಹಾಕಿದೆ. ಉಜ್ಜಿದ ಬದಿಯ ಹೊಳಪು ಸ್ವಲ್ಪ ಉಳಿಯುತ್ತದೆ. ಆದರೆ ಮೂವತ್ತು ಓವರ್ ಆದರೂ ಸ್ವಿಂಗ್ ಬರಲಿಲ್ಲ. ಎರಡು ಸಂಜೆ ಸ್ವಿಂಗ್‌ನ ಲೆಕ್ಕವನ್ನೇ ತಿದ್ದುತ್ತಾ ಕೂತೆ. ತಪ್ಪು ಅಲ್ಲಿರಲಿಲ್ಲ. ಪ್ರತಿ ಫೀಲ್ಡರ್ ಕೈಗೆ ಯಾವ ಬದಿ ಬಂತೋ ಅದನ್ನೇ ಉಜ್ಜುತ್ತಿದ್ದ. ಎರಡೂ ಬದಿ ಒಂದೇ ಸಮ ಆಗುತ್ತಿತ್ತು. ನಿಜದ ತಂಡದಲ್ಲಿ ಹೊಳಪಿನ ಬದಿ ಯಾವುದು ಅಂತ ಒಮ್ಮೆ ತೀರ್ಮಾನ ಆದರೆ ಹನ್ನೊಂದು ಜನರೂ ಅದನ್ನೇ ಕಾಪಾಡುತ್ತಾರೆ, ಅಲ್ವಾ? ಆ ತೀರ್ಮಾನವನ್ನು ಫೀಲ್ಡರ್‌ನಿಂದ ತೆಗೆದು ತಂಡಕ್ಕೆ ಕೊಟ್ಟೆ. ಮರುದಿನ ಚೆಂಡು ಓಲಾಡಿತು.

ಇಲ್ಲಿ ಒಂದು ಕಾಲದ ವಿಷಯವೂ ಇದೆ. ಕ್ರಿಕೆಟ್ ನಿಯಮ ಬರೆಯುವ ಎಂಸಿಸಿಯ ನಿಯಮದಲ್ಲಿ 2022ರಿಂದ ಚೆಂಡಿಗೆ ಎಂಜಲು ಹಚ್ಚುವಂತಿಲ್ಲ. ನನ್ನ ಪಂದ್ಯ 2010ರದು. ಹಾಗಾಗಿ ಬೆರಳು ನಾಲಿಗೆಗೆ ಮುಟ್ಟಿಸಿ ಚೆಂಡಿಗೆ ಹಚ್ಚುವ ಅಭ್ಯಾಸ ಇರಲೇಬೇಕು. ಹೆಲ್ಮೆಟ್‌ನ ಹಿಂದೆ ಕತ್ತಿನ ರಕ್ಷಣೆಯ ಪಟ್ಟಿ ಇರಬಾರದು. ಅದು ಬಳಕೆಗೆ ಬಂದದ್ದು 2014ರ ನವೆಂಬರ್‌ನಲ್ಲಿ ಆಸ್ಟ್ರೇಲಿಯಾದ ಬ್ಯಾಟರ್ ಫಿಲಿಪ್ ಹ್ಯೂಸ್ ಕತ್ತಿಗೆ ಚೆಂಡು ಬಡಿದು ತೀರಿಕೊಂಡ ಮೇಲೆ. ನಾನು ಮಾಡಿದ್ದ ಹೆಲ್ಮೆಟ್ ಮಾಡೆಲ್‌ನಲ್ಲಿ ಆ ಪಟ್ಟಿ ಇತ್ತು. ಬ್ಲೆಂಡರ್‌ನಲ್ಲಿ ತೆಗೆದುಹಾಕಿದೆ. ಸ್ಟಂಪ್ ಮೇಲೆ ಬೆಳಗುವ ಬೇಲ್ಸ್ ಕೂಡ ಬೇಡ, ಮರದ್ದೇ ಸಾಕು.

ಕೆಂಪು ಚೆಂಡು ಬಿಳಿ ಪ್ಯಾಂಟಿಗೆ ಉಜ್ಜಿದರೆ ಕಲೆ ಉಳಿಯಬೇಕು. ಉಜ್ಜಿದಾಗಲೆಲ್ಲ ತೊಡೆಯ ಮೇಲೆ ಸ್ವಲ್ಪ ಕೆಂಪು ಕೂಡಿಸಿದೆ. ಐವತ್ತನೇ ಓವರ್‌ಗೆ ಬೌಲರ್ ಪೆಟ್ಟಾದವನ ಹಾಗೆ ಕಾಣುತ್ತಿದ್ದ. ನೇರವಾಗಿ ಕೂಡಿಸಿದ್ದು ತಪ್ಪು. ಬಟ್ಟೆ ಒಂದು ಮಟ್ಟದ ತನಕ ಬಣ್ಣ ಹೀರುತ್ತದೆ, ಆಮೇಲೆ ಅದೇ ಕಲೆ ಅಗಲವಾಗುತ್ತದೆ. ಈಗ ಉಳಿದಿರುವ ಬಿಳುಪಿನ ನೂರಕ್ಕೆ ನಾಲ್ಕು ಭಾಗ ಮಾತ್ರ ಪ್ರತಿ ಸಲ ಕೆಂಪಾಗುತ್ತದೆ. ಮೊದಲು ಬೇಗ, ಆಮೇಲೆ ನಿಧಾನ. ಡೈವ್ ಹೊಡೆದವನ ಮೊಣಕಾಲಿಗೆ ಹಸಿರು ಕಲೆ, ಕ್ರೀಸ್‌ಗೆ ಜಾರಿ ಬಿದ್ದವನಿಗೆ ಮಣ್ಣಿನ ಕಲೆ. ಸಂಜೆ ಹೊತ್ತಿಗೆ ಪ್ಯಾಂಟು ನೋಡಿದರೆ ಯಾರು ದಿನವಿಡೀ ಬೌಲ್ ಮಾಡಿದರು, ಯಾರು ಸ್ಲಿಪ್‌ನಲ್ಲಿ ನಿಂತಿದ್ದರು ಅಂತ ಹೇಳಬಹುದು.

ಬ್ಯಾಟ್

ಇದು ತಪ್ಪು ಸರಿಮಾಡಲು ಹೋಗಿ ಸಿಕ್ಕ ವಿವರ. ವೇಗದ ಎಸೆತಗಳು ಆಗಾಗ ಬ್ಯಾಟಿನ ಮೂಲಕವೇ ತೂರಿ ಹೋಗುತ್ತಿದ್ದವು. ಲೆಕ್ಕ ಹಾಕಿದರೆ ಕಾರಣ ಸರಳ. ಗಂಟೆಗೆ 140 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 39 ಮೀಟರ್. ಎಂಜಿನ್ ಸೆಕೆಂಡಿಗೆ 60 ಸಲ ಲೆಕ್ಕ ಮಾಡುತ್ತದೆ. ಒಂದು ಲೆಕ್ಕಕ್ಕೂ ಇನ್ನೊಂದಕ್ಕೂ ನಡುವೆ ಚೆಂಡು 65 ಸೆಂ.ಮೀ. ಹಾರಿಬಿಡುತ್ತದೆ. ಬ್ಯಾಟಿನ ದಪ್ಪ ಅದರ ಹತ್ತನೇ ಒಂದು ಭಾಗ. ಚೆಂಡು ಒಂದು ಕ್ಷಣ ಬ್ಯಾಟಿನ ಮುಂದೆ, ಮರುಕ್ಷಣ ಹಿಂದೆ.

ಚೆಂಡು ಬ್ಯಾಟಿನ ಹತ್ತಿರ ಬಂದಾಗ ಮಾತ್ರ ಅದರ ದಾರಿಯನ್ನು ಒಂದೊಂದು ಸೆಂ.ಮೀ. ತುಂಡು ಮಾಡಿ ನೋಡುವ ಹಾಗೆ ಬರೆದೆ. ಆಗ ಬ್ಯಾಟಿನ ಯಾವ ಜಾಗಕ್ಕೆ ತಾಗಿತು ಅನ್ನೋದು ಸರಿಯಾಗಿ ಸಿಕ್ಕಿತು. ಎಡ್ಜ್ ಅಂದರೆ ನಿಜವಾದ ಎಡ್ಜ್. ಆ ಜಾಗ ಗೊತ್ತಾದ ಮೇಲೆ ಅಲ್ಲೊಂದು ಕೆಂಪು ಗುರುತು ಹಾಕುವುದು ಎರಡು ಸಾಲಿನ ಕೆಲಸ. ಬ್ಯಾಟಿನ ಅಗಲ 10.8 ಸೆಂ.ಮೀ., ಅದಕ್ಕೂ ಪಿಚ್‌ನ ಹಾಗೇ ಒಂದು ಚಿಕ್ಕ ಚಿತ್ರ.

ನೂರು ಹೊಡೆದವನು ಬ್ಯಾಟ್ ಎತ್ತಿದಾಗ ಅದರ ಮುಖ ಕ್ಯಾಮೆರಾಗೆ ಕಾಣುತ್ತದೆ. ನಡುವೆ ದಟ್ಟ ಕೆಂಪು ಇದ್ದರೆ ಚೆನ್ನಾಗಿ ಆಡಿದ ನೂರು. ಅಂಚಿನಲ್ಲೆಲ್ಲ ಗುರುತು ಇದ್ದರೆ ಅದೃಷ್ಟದ ನೂರು. ಇಡೀ ಗೇಮ್‌ನಲ್ಲಿ ನನಗೆ ಜಾಸ್ತಿ ಇಷ್ಟವಾದ ವಿವರಗಳಲ್ಲಿ ಇದೊಂದು.

ಬಿಸಿಲು ಎಲ್ಲಿಂದ ಬೀಳುತ್ತದೆ

ಮೊದಲ ಆವೃತ್ತಿಯಲ್ಲಿ ಸೂರ್ಯನನ್ನು ನೆತ್ತಿಯ ಮೇಲೆ ಇಟ್ಟಿದ್ದೆ. ಮೈಸೂರು ಇರುವುದು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜನವರಿ ಎರಡನೇ ವಾರ ಸೂರ್ಯ ದಕ್ಷಿಣಕ್ಕೆ ಹತ್ತಿರ ಹತ್ತಿರ 22 ಡಿಗ್ರಿ ಸರಿದಿರುತ್ತಾನೆ. ನಡು ಮಧ್ಯಾಹ್ನವೂ ಬಿಸಿಲು ದಕ್ಷಿಣದಿಂದ 56 ಡಿಗ್ರಿ ಎತ್ತರದಲ್ಲಿ ಬೀಳುತ್ತದೆ. ಆ ದಿನಗಳಲ್ಲಿ ನೆರಳು ಕಾಲ ಕೆಳಗೆ ಬರುವುದೇ ಇಲ್ಲ. ಲೆಕ್ಕ ಹಾಕಿದೆ: 1.8 ಮೀಟರ್ ಎತ್ತರದ ಆಳಿನ ನೆರಳು ಬೆಳಿಗ್ಗೆ ಒಂಬತ್ತೂವರೆಗೆ 2.7 ಮೀಟರ್, ಹನ್ನೆರಡೂವರೆಗೆ 1.2 ಮೀಟರ್, ಸಂಜೆ ನಾಲ್ಕೂವರೆಗೆ 4.4 ಮೀಟರ್.

ಈ ಸಂಖ್ಯೆಗಳನ್ನು ಎಂಜಿನ್‌ನ ಬೆಳಕಿಗೆ ಕೊಟ್ಟ ಕೂಡಲೇ ನನಗೆ ಆ ಸಂಜೆ ಕಂಡಿತು. ಮರಗಳ ನೆರಳು ನಿಧಾನಕ್ಕೆ ಔಟ್‌ಫೀಲ್ಡ್ ಮೇಲೆ ಹರಿದು ಬರುವುದು. ಬಿಸಿಲಲ್ಲಿ ಹೊಡೆದ ಚೆಂಡು ನೆರಳಿಗೆ ಹೋದಾಗ ಒಂದು ಕ್ಷಣ ಕಣ್ಣಿಗೆ ಸಿಗದಿರುವುದು. ಒಂದೇ ಒಂದು ಟೆಕ್ಸ್‌ಚರ್ ಬದಲಾಯಿಸಿಲ್ಲ. ಸುಮ್ನೆ ಕೋನ ಸರಿ ಮಾಡಿದ್ದು.

ಬೆಳಗಿನ ಇಬ್ಬನಿಯೂ ಹಾಕಿದೆ. ಮೊದಲ ಅರ್ಧ ಗಂಟೆ ಚೆಂಡು ಉರುಳಿದ ಕಡೆ ಹುಲ್ಲಿನ ಮೇಲೆ ಗೆರೆ ಉಳಿಯುತ್ತದೆ. ಬಿಸಿಲೇರಿದಂತೆ ಮಾಯವಾಗುತ್ತದೆ. ಗಾಳಿಯ ಸಾಂದ್ರತೆಯನ್ನೂ ಬದಲಿಸಿದೆ. ಮೈಸೂರು ಸಮುದ್ರ ಮಟ್ಟದಿಂದ ಸುಮಾರು 760 ಮೀಟರ್ ಎತ್ತರದಲ್ಲಿದೆ. ಲೆಕ್ಕದ ಪುಸ್ತಕದಲ್ಲಿರುವ ಘನ ಮೀಟರ್‌ಗೆ 1.225 ಕೆ.ಜಿ. ಬದಲು 1.08 ಇಟ್ಟೆ. ಎತ್ತಿ ಹೊಡೆದ ಚೆಂಡು ಕೆಲವು ಮೀಟರ್ ಜಾಸ್ತಿ ಹೋಗುತ್ತದೆ. ಆಡುವವರಿಗೆ ಇದು ಗೊತ್ತಾಗುವುದಿಲ್ಲ, ನನಗೆ ಮಾತ್ರ ಸಮಾಧಾನ.

ಸದ್ದು

ಜಾಸ್ತಿ ದಿನ ಹಿಡಿದದ್ದು ಇದೇ. ಹೆಚ್ಚಿನ ಕ್ರೀಡಾ ಗೇಮ್‌ಗಳು ಟಿವಿಯನ್ನು ಅನುಸರಿಸುತ್ತವೆ. ಕ್ಯಾಮೆರಾ ಎಪ್ಪತ್ತು ಮೀಟರ್ ದೂರದಲ್ಲಿ, ಮೈಕ್ ಸ್ಟಂಪ್‌ನಲ್ಲಿ. ಚಿತ್ರ ಒಂದು ಕಡೆಯದು, ಸದ್ದು ಇನ್ನೊಂದು ಕಡೆಯದು. ನಮಗೆ ಅಭ್ಯಾಸ ಆಗಿಬಿಟ್ಟಿದೆ. ನನಗೆ ಬೇಕಾಗಿದ್ದು ಟಿವಿ ಅಲ್ಲ, ಮೈದಾನ. ಬೌಂಡರಿ ಪಕ್ಕ ಕೂತವನಿಗೆ ಬ್ಯಾಟ್ ಬೀಸಿದ್ದು ಮೊದಲು ಕಾಣುತ್ತದೆ, ಟಕ್ ಅನ್ನೋದು ಆಮೇಲೆ ಕೇಳುತ್ತದೆ. ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 70 ಮೀಟರ್‌ಗೆ 0.2 ಸೆಕೆಂಡ್. ಕೇಳಲು ಚಿಕ್ಕದು. ಗೇಮ್‌ನಲ್ಲಿ ಅದು 12 ಫ್ರೇಮ್, ಕಣ್ಣಿಗೂ ಕಿವಿಗೂ ಚೆನ್ನಾಗಿ ಗೊತ್ತಾಗುವಷ್ಟು.

ಎಂಜಿನ್ ತಾನಾಗಿಯೇ ಈ ತಡ ಕೊಡುವುದಿಲ್ಲ. ದೂರ ಹೋದಂತೆ ಸದ್ದು ಸಣ್ಣದು ಮಾಡುತ್ತದೆ ಅಷ್ಟೇ. ಮೊದಲು ಪ್ರತಿ ಸದ್ದಿಗೂ ಒಂದು ಟೈಮರ್ ಇಟ್ಟೆ. ದೃಶ್ಯ ಬದಲಾದ ಮೇಲೂ ಹಳೆಯ ಸದ್ದು ಬಂದು ಬೀಳುತ್ತಿತ್ತು. ಟೈಮರ್ ತೆಗೆದು ಒಂದು ಸಾಲು ಮಾಡಿದೆ. ಪ್ರತಿ ಸದ್ದೂ ಹುಟ್ಟಿದ ಜಾಗ, ಹುಟ್ಟಿದ ಹೊತ್ತು ಬರೆದುಕೊಂಡು ಸಾಲಿನಲ್ಲಿ ನಿಲ್ಲುತ್ತದೆ. ಪ್ರತಿ ಫ್ರೇಮ್‌ನಲ್ಲೂ ಕೇಳುವವನ ದೂರ ನೋಡಿ, ಹೊತ್ತು ಬಂದವನ್ನು ನುಡಿಸುತ್ತೇನೆ. ದೃಶ್ಯ ಕಟ್ ಆದರೆ ಸಾಲು ಖಾಲಿ.

ಬ್ಯಾಟ್ ಮಾಡುವಾಗ ಆಡುವವರ ಕಿವಿ ಕ್ರೀಸ್‌ನಲ್ಲಿರುತ್ತದೆ. ಆಗ ತಿರುಗುಮುರುಗು. ಟಕ್ ತಕ್ಷಣ ಕೇಳುತ್ತದೆ, ಜನರ ಕೂಗು ತಡವಾಗಿ ಬರುತ್ತದೆ. ಸದ್ದು ಬರಲು 0.2 ಸೆಕೆಂಡ್, ಜನರಿಗೆ ಏನಾಯಿತು ಅಂತ ತಿಳಿಯಲು ಇನ್ನಷ್ಟು. ಆ ನಡುವಿನ ಅರ್ಧ ಸೆಕೆಂಡ್ ಬ್ಯಾಟರ್‌ಗೆ ಮಾತ್ರ ಗೊತ್ತಿರುವ ಅರ್ಧ ಸೆಕೆಂಡ್. ಚೆಂಡು ನಡುವೆ ಸಿಕ್ಕಿತೋ ಅಂಚಿಗೆ ತಾಗಿತೋ ಅಂತ ಅವನಿಗೆ ಗೊತ್ತು, ಬೇರೆ ಯಾರಿಗೂ ಇನ್ನೂ ಗೊತ್ತಿಲ್ಲ. ಇದನ್ನು ಮೊದಲ ಸಲ ಕೇಳಿದ ರಾತ್ರಿ ಎರಡು ಗಂಟೆ ತನಕ ಸುಮ್ನೆ ಕವರ್ ಡ್ರೈವ್ ಹೊಡೆಯುತ್ತಾ ಕೂತಿದ್ದೆ.

ಸದ್ದು ರೆಕಾರ್ಡ್ ಮಾಡಲು ನೆಟ್ಸ್‌ಗೆ ಹೋದೆ. ಲೀಗ್ ಆಡುವ ನನ್ನ ತಮ್ಮ ಬ್ಯಾಟ್ ಹಿಡಿದ. ಮನೆಗೆ ಬಂದು ಕೇಳಿದರೆ ಎಲ್ಲ ಹೊಡೆತವೂ ಡಬ್ಬಿ ತಟ್ಟಿದ ಹಾಗಿತ್ತು. ಫೋನಿನ ರೆಕಾರ್ಡರ್ ಜೋರು ಸದ್ದು ಬಂದ ಕೂಡಲೇ ತಾನೇ ಮಟ್ಟ ಇಳಿಸುತ್ತಿತ್ತು, ಆಮೇಲೆ ಏರಿಸುತ್ತಿತ್ತು. ಮುಂದಿನ ಭಾನುವಾರ ಆ ಆಟೋ ಗೇನ್ ನಿಲ್ಲಿಸಬಹುದಾದ ಆ್ಯಪ್ ಹಾಕಿಕೊಂಡು, ಮಟ್ಟ ತೀರಾ ಕೆಳಗಿಟ್ಟು, ಮೂರು ಮೀಟರ್ ದೂರದಲ್ಲಿ ಫೋನ್ ಇಟ್ಟು ರೆಕಾರ್ಡ್ ಮಾಡಿದೆ. ಬ್ಯಾಟಿನ ನಡುವೆ, ತುದಿ, ಹಿಡಿಕೆಯ ಹತ್ತಿರ, ಅಂಚು, ಪ್ಯಾಡ್, ಕೀಪರ್ ಗ್ಲೌಸ್, ಒಂದೊಂದಕ್ಕೂ ಹದಿನೈದು ಸಲ. ತಾಗಿದ ಜಾಗ ಗೊತ್ತಿದ್ದ ಕಾರಣ ಯಾವ ಸದ್ದು ನುಡಿಸಬೇಕು ಅಂತ ಯೋಚಿಸಬೇಕಾಗಲಿಲ್ಲ.

ತಮ್ಮನೇ ಇನ್ನೊಂದು ಹೇಳಿದ. "ಅಣ್ಣ, ಫೀಲ್ಡರ್‌ಗಳು ಬಾಯೇ ಬಿಡಲ್ವಲ್ಲ?" ನಿಜ. ಕರ್ನಾಟಕದ ಆಟಗಾರರು ಮೈದಾನದಲ್ಲಿ ಕನ್ನಡದಲ್ಲಿ ಮಾತಾಡಿಕೊಳ್ಳುವುದನ್ನು ಸ್ಟಂಪ್ ಮೈಕ್‌ನಲ್ಲಿ ಎಷ್ಟೋ ಸಲ ಕೇಳಿದ್ದೇವೆ. ಇಲ್ಲಿ ಬ್ಯಾಟಿಂಗ್ ಕರ್ನಾಟಕದ್ದು, ಹಾಗಾಗಿ ಇಬ್ಬರು ಬ್ಯಾಟರ್‌ಗಳ ನಡುವಿನ ಮಾತು ಮೊದಲು ಹಾಕಿದೆ. "ಬಾ ಬಾ ಬಾ", "ಬೇಡ ಬೇಡ, ನಿಂತ್ಕೋ", "ಎರಡಿದೆ, ಓಡು". ತಮ್ಮನ ತಂಡದ ನಾಲ್ವರು ಧ್ವನಿ ಕೊಟ್ಟರು. ಒಂದು ಷರತ್ತು ಇಟ್ಟೆ: ಮೈಕ್ ಮುಂದೆ ನಿಂತು ಹೇಳಬಾರದು, ನಿಜವಾಗಿ ಓಡುತ್ತಾ ಕೂಗಬೇಕು. ಓಡುವವನ ಉಸಿರು ಕುಳಿತವನ ಗಂಟಲಲ್ಲಿ ಬರುವುದಿಲ್ಲ. ರನ್ ಔಟ್ ಆಗುವ ಮುಂಚೆ "ಬೇಡ" ಅನ್ನೋ ಕೂಗು ಕೇಳಿದರೆ ಈಗಲೂ ಎದೆ ಧಸಕ್ ಅನ್ನುತ್ತದೆ.

ಜನ

ಮೊದಲು ಮೂರು ಸಾವಿರ ಜನರನ್ನು ಒಬ್ಬೊಬ್ಬರಾಗಿ ಇಟ್ಟೆ, ಗೇಮ್ ತೆವಳಿತು. ಒಂದೇ ಮಾಡೆಲ್ ಅನ್ನು ಸಾವಿರಾರು ಕಡೆ ಒಟ್ಟಿಗೆ ಬರೆಯುವ ಮಲ್ಟಿಮೆಶ್‌ನಲ್ಲಿ ಒಂದೇ ಸಲ ಬರೆಸಿದ ಮೇಲೆ ಸರಿಹೋಯಿತು. ಚಿತ್ರದ ವಿಷಯ ಅಷ್ಟೇ, ಜನರ ಮನಸ್ಸೇ ಕಷ್ಟದ್ದು.

ಬೌಂಡರಿಗೆ ಒಂದು ಕೂಗು, ವಿಕೆಟ್‌ಗೆ ಒಂದು ಕೂಗು ಅಂತ ಇಟ್ಟರೆ ಅದು ಬೆಲ್ ಒತ್ತಿದ ಹಾಗೆ. ಹತ್ತನೇ ಓವರ್‌ನ ಬೌಂಡರಿಯೂ ಇನ್ನು ಹತ್ತು ರನ್ ಬೇಕಿರುವಾಗಿನ ಬೌಂಡರಿಯೂ ಒಂದೇ ಅಲ್ಲ. ಉಳಿದ ರನ್, ಉಳಿದ ವಿಕೆಟ್, ಹಿಂದಿನ ಆರು ಎಸೆತ, ಇವುಗಳಿಂದ ಒಂದು ಬಿಗುವಿನ ಸಂಖ್ಯೆ ಮಾಡಿದೆ. ಬಿಗುವು ಏರಿದಂತೆ ಜನರ ಗುಜುಗುಜು ಬೌಲರ್ ಓಡಲು ಶುರು ಮಾಡಿದಾಗ ಇಳಿಯುತ್ತದೆ. ಕೊನೆಗೆ ಪೂರ್ತಿ ನಿಂತು ಬೂಟಿನ ಸದ್ದು ಮಾತ್ರ ಕೇಳುತ್ತದೆ. ವಿಕೆಟ್ ಬಿದ್ದರೆ ಮೊದಲು ಅರ್ಧ ಸೆಕೆಂಡ್ ಏನೂ ಇಲ್ಲ. ಮುಂಬೈ ಫೀಲ್ಡರ್‌ಗಳ ಕೂಗು ಖಾಲಿ ಮೈದಾನದಲ್ಲಿ ಕೇಳಿದ ಹಾಗೆ ಕೇಳುತ್ತದೆ. ಆಮೇಲೆ ಜನರ ಉಸಿರು. 2010ರಲ್ಲಿ ನನಗೆ ನೆನಪಿರುವುದು ಆ ಅರ್ಧ ಸೆಕೆಂಡೇ.

ಜನರನ್ನು ಸುತ್ತ ನಲವತ್ತು ಗುಂಪು ಮಾಡಿದ್ದೇನೆ. ಪ್ರತಿ ಗುಂಪಿಗೂ ತನ್ನದೇ ದೂರ. ಎದುರು ಬದಿಯ ಚಪ್ಪಾಳೆ 140 ಮೀಟರ್ ದಾಟಿ 0.4 ಸೆಕೆಂಡ್ ತಡವಾಗಿ ಬರುತ್ತದೆ. ಚಪ್ಪಾಳೆ ಮೈದಾನವನ್ನು ಸುತ್ತಿ ಬಂದ ಹಾಗೆ ಕೇಳುತ್ತದೆ. ಇದಕ್ಕೆ ಬೇರೆ ಕೋಡ್ ಬೇಕಾಗಲಿಲ್ಲ, ಸದ್ದಿನ ಸಾಲೇ ಮಾಡಿತು.

ಕಿತ್ತು ಹಾಕಿದ್ದೂ ಬಹಳ ಇದೆ. ರೀಪ್ಲೇ, ಪಟಾಕಿ, ಲೆನ್ಸ್ ಮೇಲೆ ಬೀಳುವ ಬಿಸಿಲಿನ ವೃತ್ತಗಳು, ಹಾರುವ ಬಾವುಟ. ಮೈನಾ ಹಕ್ಕಿಗಳನ್ನು ಉಳಿಸಿಕೊಂಡೆ. ಚೆಂಡು ಹತ್ತಿರ ಬಂದರೆ ಏಳುತ್ತವೆ, ಕಾಲ್ತುಳಿತ ಕಡಿಮೆ ಇರುವ ಕಡೆ ಹೋಗಿ ಕೂರುತ್ತವೆ. ಅವಕ್ಕೂ ಆಟ ಗೊತ್ತಿದೆ.

ಎಸೆತಗಳ ನಡುವೆ

ಆರು ಗಂಟೆ ಆಟಕ್ಕೆ 90 ಓವರ್. ಓವರ್‌ಗೆ 4 ನಿಮಿಷ, ಎಸೆತಕ್ಕೆ 40 ಸೆಕೆಂಡ್. ಅದರಲ್ಲಿ ಚೆಂಡು ಆಡುವುದು ಕೆಲವೇ ಸೆಕೆಂಡ್. ಕ್ರಿಕೆಟ್‌ನ ಬಹುಪಾಲು ಹೊತ್ತು ನಡಿಗೆ, ಗ್ಲೌಸ್ ಬಿಗಿ ಮಾಡುವುದು, ಪಿಚ್ ತಟ್ಟುವುದು, ಫೀಲ್ಡ್ ಸರಿಸುವುದು. ಗೇಮ್‌ಗಳು ಇದನ್ನೆಲ್ಲ ಕತ್ತರಿಸುತ್ತವೆ. ಪೂರ್ತಿ 40 ಸೆಕೆಂಡ್ ಇಟ್ಟು ನೋಡಿದೆ, ತಮ್ಮ ಮೂರನೇ ಓವರ್‌ಗೆ ಎದ್ದು ಹೋದ. ಈಗ 8 ಸೆಕೆಂಡ್ ಇದೆ, ಬಟನ್ ಒತ್ತಿ ದಾಟಬಹುದು. ಆದರೆ ದಾಟಿದರೂ ಕೆಲಸ ನಡೆಯುತ್ತದೆ. ಚೆಂಡು ಉಜ್ಜಿದ್ದು, ಪಿಚ್ ತಟ್ಟಿದ್ದು, ಫೀಲ್ಡರ್ ಎರಡು ಹೆಜ್ಜೆ ಒಳಗೆ ಬಂದದ್ದು ಎಲ್ಲ ಲೆಕ್ಕಕ್ಕೆ ಸೇರುತ್ತದೆ.

ಕೊನೆಯ ಕೆಲಸ ಚಿಕ್ಕಪ್ಪ ಕೊಟ್ಟದ್ದು. ನನ್ನ ಅಂಪೈರ್ ಬೌಂಡರಿಗೆ ಕೈ ಬೀಸಿ ತಕ್ಷಣ ತಿರುಗಿಬಿಡುತ್ತಿದ್ದರು.

"ಅದು ತಪ್ಪು ಕಣೋ. ಅವರು ಸಿಗ್ನಲ್ ಕೊಡೋದು ಜನಕ್ಕಲ್ಲ, ಸ್ಕೋರರ್‌ಗಳಾದ ನಮಗೆ. ನಾವು ಕೈ ಎತ್ತಿ ಸಿಕ್ತು ಅಂತ ತೋರಿಸೋ ತನಕ ಮುಂದಿನ ಬಾಲ್ ಹಾಕಿಸೋ ಹಾಗಿಲ್ಲ. ನಿಯಮದಲ್ಲೇ ಇದೆ."

ಎಷ್ಟು ಪಂದ್ಯ ನೋಡಿದ್ದೇನೆ, ಇದನ್ನು ಗಮನಿಸಿಯೇ ಇರಲಿಲ್ಲ. ಪೆವಿಲಿಯನ್ ಪಕ್ಕ ಒಂದು ಮೇಜು, ಎರಡು ಕುರ್ಚಿ, ಇಬ್ಬರು ಸ್ಕೋರರ್‌ಗಳನ್ನು ಕೂರಿಸಿದೆ. ಅಂಪೈರ್ ಆ ಕಡೆ ತಿರುಗಿ ಸಿಗ್ನಲ್ ಕೊಡುತ್ತಾರೆ, ಅಲ್ಲಿಂದ ಕೈ ಏಳುತ್ತದೆ, ಆಮೇಲೆ ಆಟ. ಕೈಯಲ್ಲಿ ತಗಡು ನೇತು ಹಾಕುವ ಸ್ಕೋರ್‌ಬೋರ್ಡ್ ಕೂಡ ಮಾಡಿದೆ. ರನ್ ಆದ ಹತ್ತು ಸೆಕೆಂಡ್ ಮೇಲೆ ಅಂಕಿ ಬದಲಾಗುತ್ತದೆ. ಎಲ್ಲ ಸೇರಿ ನಲವತ್ತು ಸಾಲು ಕೋಡ್.

ಹೋದ ವಾರ ಚಿಕ್ಕಪ್ಪ ಬಂದು ಮತ್ತೆ ನೋಡಿದರು. ಆಡುತ್ತಿದ್ದವನು ತಮ್ಮ. ಅವರು ಹಿಂದೆ ಕುರ್ಚಿಯಲ್ಲಿ ಕೂತಿದ್ದರು. ತಮ್ಮ ಪಾಯಿಂಟ್ ಪಕ್ಕ ಒಂದು ಬೌಂಡರಿ ಹೊಡೆದ. ಅಂಪೈರ್ ಪೆವಿಲಿಯನ್ ಕಡೆ ತಿರುಗಿ ಕೈ ಬೀಸಿದರು. ಚಿಕ್ಕಪ್ಪ ಮಾತಾಡದೆ ಬಲಗೈ ಎತ್ತಿದರು. ಆಮೇಲೆ ಅವರು ತಮ್ಮದೇ ಕೈ ನೋಡಿಕೊಂಡು ನಿಧಾನಕ್ಕೆ ಇಳಿಸಿದರು.

ಅವತ್ತು ರಾತ್ರಿ ಒಂದು ಬದಲಾವಣೆ ಮಾಡಿದೆ. ಮೇಜಿನ ಹತ್ತಿರದ ಒಂದು ಕುರ್ಚಿ ಖಾಲಿ ಮಾಡಿದೆ. ಇಬ್ಬರು ಸೇರಿ ಆಡಿದರೆ ಎರಡನೆಯವರು ಅಲ್ಲಿ ಕೂರಬಹುದು. ಅವರು ಸ್ಪೇಸ್ ಒತ್ತುವ ತನಕ ಅಂಪೈರ್ ಕಾಯುತ್ತಾರೆ.